ಕಾಫಿ ತೋಟದ ದಿನಚರಿಯೊಳಗೆ ಐದು ಹೊತ್ತು: ನನ್ನ ಅನುಭವ

ಕೊಡಗಿನ ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಆಗಿ ದುಡಿಯುತ್ತ, ಅಪ್ಪನಿಂದ ಬಂದ ಒಂದಿಷ್ಟು ಕಾಫಿ, ಮೆಣಸು ಮತ್ತು ಗದ್ದೆಯನ್ನೂ ನೋಡಿಕೊಳ್ಳುತ್ತ, ಐದು ಹೊತ್ತಿನ ನಮಾಝನ್ನು ದಿನಚರಿಯಲ್ಲಿ ಹೇಗೆ ನೆಲೆಗೊಳಿಸಿಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಭಕ್ತಿಯೆಂದರೆ ಮನಸ್ಸಿನ ಉತ್ಸಾಹ ಎಂದು ತಿಳಿದವರಿಗೆ ಮದ್ರಸದಲ್ಲಿ ಉಸ್ತಾದರು ಕಲಿಸುವ ವುಝೂವಿನ (ನಮಾಝಿಗೆ ಮುನ್ನ ಮುಖ, ಕೈಕಾಲು ತೊಳೆಯುವ ಶುದ್ಧಿಯ) ಫರ್ಳ್ ಎಂಬ ಕಡ್ಡಾಯ ಅಂಶಗಳು, ಹೊತ್ತು ತಿಳಿಯುವ ನೆರಳಿನ ಅಳತೆ, ಝಕಾತ್ ಎಂಬ ಕಡ್ಡಾಯ ದಾನದ ಲೆಕ್ಕ ಇವೆಲ್ಲ ಒಣ ವಿಷಯಗಳಾಗಿ ಕಾಣುತ್ತವೆ. ಮಳೆ, ಚಳಿ, ಕೊಯ್ಲು, ಬಟವಾಡೆಗಳ ನಡುವೆ ಬದುಕುವ ನನಗೆ ಆಸರೆಯಾದದ್ದು ಆ ಒಣ ವಿಷಯಗಳೇ. ಎಲ್ಲಿಯವರೆಗೆ ಕಡ್ಡಾಯ, ಎಲ್ಲಿಂದ ಮುಂದೆ ವಿನಾಯಿತಿ ಎಂಬುದು ಖಚಿತವಾಗಿ ತಿಳಿದಿದ್ದರೆ ಮಾತ್ರ ಮನುಷ್ಯ ಕಷ್ಟದ ದಿನದಲ್ಲಿಯೂ ಆರಾಧನೆಯನ್ನು ಬಿಡದೆ ಇರಬಲ್ಲ.

ಮೊದಲು ವಿಶ್ವಾಸದ ಮಾತು. ಮಲಕ್ (ದೇವದೂತ) ಆದ ಜಿಬ್ರೀಲರು ಮನುಷ್ಯರೂಪದಲ್ಲಿ ಬಂದು ಪ್ರವಾದಿ ಮುಹಮ್ಮದರಲ್ಲಿ (ಸ) ಇಸ್ಲಾಮ್, ಈಮಾನ್, ಇಹ್ಸಾನ್ ಎಂದರೇನು ಎಂದು ಕೇಳಿದ ಹದೀಸನ್ನು (ಪ್ರವಾದಿಯ ನುಡಿ ನಡೆಯ ವರದಿಯನ್ನು) ಮದ್ರಸಕ್ಕೆ ಹೋದ ಮಕ್ಕಳೆಲ್ಲರೂ ಬಲ್ಲರು. ಅಲ್ಲಾಹನಲ್ಲಿ, ಮಲಕ್‌ಗಳಲ್ಲಿ, ಗ್ರಂಥಗಳಲ್ಲಿ, ಪ್ರವಾದಿಗಳಲ್ಲಿ, ಅಂತ್ಯದಿನದಲ್ಲಿ ಮತ್ತು ವಿಧಿಯಲ್ಲಿ ನಂಬಿಕೆ ಇಡುವುದೇ ಈಮಾನ್. ಈ ಆರರಲ್ಲಿ ವಿಧಿಯ ನಂಬಿಕೆ ಬಾಯಿಪಾಠದಿಂದ ಹೊರಬಂದು ನಮ್ಮೆದುರು ನಿಂತದ್ದು 2018ರ ಆಗಸ್ಟ್‌ನಲ್ಲಿ, ಮಡಿಕೇರಿಯ ಸುತ್ತಲಿನ ಗುಡ್ಡಗಳು ಜರಿದು ಮನೆ, ತೋಟ, ರಸ್ತೆಗಳನ್ನು ಒಯ್ದಾಗ. ಎಲ್ಲವೂ ಅಲ್ಲಾಹನ ತೀರ್ಮಾನ ಎಂದು ಕೈಕಟ್ಟಿ ಕುಳಿತವರು ಯಾರೂ ಇರಲಿಲ್ಲ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಎಂಬ ಪ್ರವಾದಿವಚನವನ್ನೇ ನಮ್ಮ ಪಳ್ಳಿಯ (ಮಸೀದಿಯ) ಖತೀಬರು ಅಂದಿನ ಖುತ್ಬಾದಲ್ಲಿ (ಪ್ರವಚನದಲ್ಲಿ) ವಿವರಿಸಿದ್ದರು. ಇಳಿಜಾರಿನಲ್ಲಿ ನೀರಿನ ದಾರಿಯನ್ನು ಬಿಡಿಸುವುದು ನನ್ನ ಕೆಲಸ, ಆಮೇಲಿನದು ಅವನ ಕೆಲಸ ಎಂಬ ವಿಂಗಡಣೆ ನನಗೆ ಅಂದಿನಿಂದ ಸ್ಪಷ್ಟವಾಯಿತು.

ಅದೇ ಹದೀಸಿನಲ್ಲಿ ಇಹ್ಸಾನಿಗೆ ಕೊಟ್ಟ ವಿವರಣೆ, ಅಂದರೆ ನೀನು ಅಲ್ಲಾಹನನ್ನು ಕಾಣುತ್ತಿರುವೆಯೋ ಎಂಬಂತೆ ಆರಾಧಿಸು, ನೀನು ಕಾಣದಿದ್ದರೂ ಅವನು ನಿನ್ನನ್ನು ಕಾಣುತ್ತಿದ್ದಾನೆ ಎಂಬ ಮಾತು, ನನಗೆ ಹೆಚ್ಚು ಒದಗುವುದು ನಮಾಝಿನ ಚಾಪೆಯ ಮೇಲಲ್ಲ, ತಕ್ಕಡಿಯ ಮುಂದೆ. ಕೊಯ್ದ ಹಣ್ಣನ್ನು ಕಿಲೋ ಲೆಕ್ಕದಲ್ಲಿ ತೂಗಿ ಬರೆಯುವವನು ನಾನು. ಅಳತೆಯಲ್ಲಿ ಮೋಸಮಾಡುವವರಿಗೆ ನಾಶವಿದೆ ಎಂದು ಆರಂಭವಾಗುವ ಅಲ್ ಮುತಫ್ಫಿಫೀನ್ ಎಂಬ ಒಂದು ಅಧ್ಯಾಯವೇ ಕುರ್‌ಆನಿನಲ್ಲಿದೆ. ಓದು ಬಾರದ ಕೆಲಸಗಾರ್ತಿಯ ಚೀಲ ತಕ್ಕಡಿಗೆ ಬಂದಾಗ ಗೋಣಿಗೆಂದು ಎಷ್ಟು ಕಳೆಯಬೇಕೋ ಅಷ್ಟನ್ನೇ ಕಳೆಯುವುದು ನನ್ನ ಪಾಲಿಗೆ ಈಮಾನಿನ ವಿಷಯ.

ಇನ್ನು ಹೊತ್ತಿನ ಲೆಕ್ಕ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಆಧಾರದಲ್ಲಿ. ಕೊಡಗು ಇರುವುದು 76 ಡಿಗ್ರಿಗಿಂತ ತುಸು ಈಚೆಗೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಸೂರ್ಯ ನಮ್ಮ ನೆತ್ತಿಗೆ ಬರುವುದು ಸರಾಸರಿ ಅರ್ಧ ಗಂಟೆಯಷ್ಟು ತಡವಾಗಿ. ಆದ್ದರಿಂದ ಹನ್ನೆರಡಕ್ಕೆ ಊಟಕ್ಕೆ ಬಿಡುವ ತೋಟದಲ್ಲಿ ಳುಹರ್, ಅಂದರೆ ಸೂರ್ಯ ನೆತ್ತಿ ದಾಟಿದ ಮೇಲಿನ ನಮಾಝಿನ ಹೊತ್ತು, ಇನ್ನೂ ಆಗಿರುವುದಿಲ್ಲ, ಒಂದು ಗಂಟೆಗೆ ಬಿಡುವ ನಮ್ಮ ತೋಟದಲ್ಲಿ ವರ್ಷವಿಡೀ ಆಗಿರುತ್ತದೆ. ಅಸರ್ (ಇಳಿಹಗಲಿನ ನಮಾಝ್) ವಿಷಯದಲ್ಲಿ ಶಾಫಿಈ ಮದ್‌ಹಬಿನವರಾದ (ಧರ್ಮವಿಧಿಯ ಒಂದು ಪಂಥದವರಾದ) ನಮಗೆ ವಸ್ತುವಿನ ನೆರಳು, ನಡುಹಗಲಿನ ನೆರಳನ್ನು ಬಿಟ್ಟು, ಆ ವಸ್ತುವಿನಷ್ಟೇ ಉದ್ದವಾದರೆ ಹೊತ್ತಾಯಿತು. ಇನ್ನೊಂದು ಪಂಥದವರಾದ ಹನಫಿಗಳಲ್ಲಿ ರೂಢಿಯಲ್ಲಿರುವ ಮತದ ಪ್ರಕಾರ ಎರಡರಷ್ಟಾಗಬೇಕು. ಎರಡಕ್ಕೂ ನಡುವೆ ಹೆಚ್ಚುಕಡಿಮೆ ಒಂದು ಗಂಟೆಯ ವ್ಯತ್ಯಾಸವಿದೆ. ಮೊಬೈಲಿನಲ್ಲಿ ಹೊತ್ತು ತೋರಿಸುವ ಆ್ಯಪ್ ಹಾಕಿಕೊಂಡವರು ಮೊದಲು ಅದರಲ್ಲಿ ಯಾವ ಮದ್‌ಹಬ್ ಆಯ್ಕೆಯಾಗಿದೆ ಎಂದು ನೋಡಬೇಕು. ನಾಲ್ಕು ಗಂಟೆಯ ತೂಕಕ್ಕೆ ಮುನ್ನ ಅಸರ್ ಮುಗಿಸಲು ನನಗೆ ಸಾಧ್ಯವಾಗುವುದು ಈ ಒಂದು ಗಂಟೆಯಿಂದಲೇ. ಕೊಯ್ಲಿನ ದಿನಗಳಲ್ಲಿ ನಿಜವಾದ ಕಷ್ಟ ಸೂರ್ಯ ಮುಳುಗಿದ ಮೇಲಿನ ನಮಾಝ್ ಆದ ಮಗ್‌ರಿಬ್‌ನದು, ಏಕೆಂದರೆ ಕಣದ ಕಾಫಿಯನ್ನು ರಾಶಿ ಮಾಡಿ ಇಬ್ಬನಿಗೆ ಟಾರ್ಪಾಲ್ ಮುಚ್ಚುವ ಹೊತ್ತೂ ಅದೇ, ಮತ್ತು ಪಡುವಣದ ಕೆಂಪು ಮಾಯವಾದರೆ ಮಗ್‌ರಿಬ್ ಮುಗಿಯಿತು. ಅದಕ್ಕೆ ನಾನು ಕಂಡುಕೊಂಡ ದಾರಿ ಸರಳವಾದದ್ದು: ವುಝೂ ಮುರಿಯದಂತೆ ಅಸರ್‌ನಿಂದಲೇ ಉಳಿಸಿಕೊಂಡು, ವಾಂಗ್ (ನಮಾಝಿನ ಕರೆ) ಕೇಳಿದೊಡನೆ ಕಣದ ಅಂಚಿನಲ್ಲಿಯೇ ಮೂರು ರಕಅತ್ (ನಮಾಝಿನ ಸುತ್ತು) ನಿರ್ವಹಿಸುವುದು. ಮೇಸ್ತ್ರಿ ಕೊಡವರು; ಆ ಹತ್ತು ನಿಮಿಷ ಟಾರ್ಪಾಲಿನ ನನ್ನ ಕಡೆಯ ತುದಿಯನ್ನು ಅವರೇ ಹಿಡಿಯುತ್ತಾರೆ.

ಕಿಬ್ಲಾ, ಅಂದರೆ ನಮಾಝಿನಲ್ಲಿ ಮುಖ ಮಾಡುವ ಮಕ್ಕಾದ ಕಅಬಾದ ದಿಕ್ಕು, ನೇರ ಪಶ್ಚಿಮಕ್ಕಿದೆ ಎಂದು ತಿಳಿದವರು ನಮ್ಮಲ್ಲಿ ಈಗಲೂ ಇದ್ದಾರೆ. ಕೊಡಗಿನಿಂದ ಮಕ್ಕಾದ ದಿಕ್ಕು ಪಶ್ಚಿಮಕ್ಕಿಂತ ಸುಮಾರು 20 ಡಿಗ್ರಿ ಉತ್ತರಕ್ಕೆ ವಾಲಿದೆ. ವರ್ಷದಲ್ಲಿ ಎರಡು ಸಲ, ಮೇ 28ರ ಮತ್ತು ಜುಲೈ 16ರ ಆಸುಪಾಸಿನಲ್ಲಿ, ಸೂರ್ಯ ಕಅಬಾದ ನೇರ ಮೇಲೆ ಬರುತ್ತಾನೆ. ನಮ್ಮ ಗಡಿಯಾರದಲ್ಲಿ ಆಗ ಕ್ರಮವಾಗಿ 2 ಗಂಟೆ 48 ನಿಮಿಷ ಮತ್ತು 2 ಗಂಟೆ 57 ನಿಮಿಷ. ಆ ಕ್ಷಣದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳಿನ ತುದಿಯಿಂದ ಬುಡದ ಕಡೆಗೆ ಗೆರೆ ಎಳೆದರೆ ಅದೇ ಕಿಬ್ಲಾ. ಜುಲೈಯಲ್ಲಿ ನಮಗೆ ಬಿಸಿಲಿನ ಮಾತೇ ಇಲ್ಲವಾದ್ದರಿಂದ ಮೇ ತಿಂಗಳ ದಿನವನ್ನೇ ಹಿಡಿಯಬೇಕು. ಕಣದ ಅಂಚಿನ ಸಿಮೆಂಟಿನ ಮೇಲೆ ನಾನು ಹಾಗೆ ಎಳೆದ ಗೆರೆ ಈಗಲೂ ಇದೆ.

ಶುದ್ಧಿಯ ವಿಷಯದಲ್ಲಿ ತುಸು ವಿವರವಾಗಿ ಹೇಳಬೇಕು, ಏಕೆಂದರೆ ಕೊಡಗಿನ ಮಳೆಗಾಲದಲ್ಲಿ ಹೊತ್ತು ತಪ್ಪುವುದು ಬಹುತೇಕ ಇಲ್ಲಿಯೇ. ಕಕ್ಕಡ ಮಾಸದ (ಜುಲೈ-ಆಗಸ್ಟ್) ಮಳೆಯಲ್ಲಿ ತೋಟ ಸುತ್ತಿ ಬಂದವನ ಕಾಲಲ್ಲಿ ಜಿಗಣೆ ಇಲ್ಲದಿದ್ದರೆ ಅದೇ ಆಶ್ಚರ್ಯ. ಸುಣ್ಣ, ಉಪ್ಪು, ಹೊಗೆಸೊಪ್ಪು ಏನು ಹಚ್ಚಿಕೊಂಡರೂ ಒಂದೆರಡು ಹತ್ತಿಯೇ ಹತ್ತುತ್ತವೆ, ಕಿತ್ತ ಮೇಲೂ ರಕ್ತ ಬಹಳ ಹೊತ್ತು ಒಸರುತ್ತದೆ. ಇಂಥ ರಕ್ತದಿಂದ ಶಾಫಿಈ ಮದ್‌ಹಬಿನಲ್ಲಿ ವುಝೂ ಮುರಿಯುವುದಿಲ್ಲ. ಆದರೆ ರಕ್ತ ನಜಸ್ (ಅಶುದ್ಧ ವಸ್ತು) ಆದ್ದರಿಂದ ಕಾಲನ್ನು ತೊಳೆದುಕೊಳ್ಳಬೇಕು, ತೊಳೆದ ಮೇಲೂ ಗಾಯದಿಂದ ಒಸರುವ ಅಲ್ಪಕ್ಕೆ ರಿಯಾಯಿತಿಯಿದೆ. ಹನಫಿ ಮದ್‌ಹಬಿನಲ್ಲಿ ಹರಿಯುವಷ್ಟು ರಕ್ತ ಬಂದರೆ ವುಝೂವೇ ಮುರಿಯುತ್ತದೆ. ಜಿಗಣೆ ಹೊಟ್ಟೆ ತುಂಬ ಕುಡಿದರೂ ಅದೇ ವಿಧಿ ಎಂದು ಅವರ ಗ್ರಂಥಗಳು ಜಿಗಣೆಯ ಹೆಸರೆತ್ತಿಯೇ ಹೇಳಿವೆ. ಕುಶಾಲನಗರದ ಕಡೆಯ ನನ್ನ ಗೆಳೆಯನೊಬ್ಬ ಹನಫಿ. ಮಳೆಗಾಲದಲ್ಲಿ ಅವನು ನನಗಿಂತ ಹೆಚ್ಚು ಸಲ ತಣ್ಣೀರಿಗೆ ಕೈಯೊಡ್ಡುತ್ತಾನೆ.

ತೋಟದ ನಾಯಿಯ ವಿಷಯದಲ್ಲಿ ಲೆಕ್ಕ ತಿರುವುಮುರುವು, ಹೆಚ್ಚು ಬಿಗಿ ನಮ್ಮದೇ. ನಮ್ಮ ಮದ್‌ಹಬಿನಲ್ಲಿ ನಾಯಿಯ ಒದ್ದೆ ಮೈ ಅಥವಾ ಜೊಲ್ಲು ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ. ಒಣಗಿದ ಮೈ ಒಣಗಿದ ಬಟ್ಟೆಗೆ ತಾಗಿದರೆ ಏನೂ ಇಲ್ಲ. ಮಳೆಗಾಲದಲ್ಲಿ ಒಣಗಿದ ನಾಯಿ ಎಲ್ಲಿ ಸಿಗಬೇಕು? ಆದ್ದರಿಂದ ನಮಾಝಿಗೆಂದೇ ಒಂದು ಪಂಚೆಯನ್ನೂ ಅಂಗಿಯನ್ನೂ ಆಫೀಸಿನ ಮೊಳೆಗೆ ತೂಗುಹಾಕಿರುತ್ತೇನೆ. ನಾಯಿಯನ್ನು ಬಯ್ಯುವ ಅಗತ್ಯ ಬೀಳುವುದಿಲ್ಲ. ಚಳಿಗೆ ನಾನು ಕಂಡ ಉತ್ತಮ ಪರಿಹಾರ ಖುಫ್ಫ್ ಎಂಬ ಚರ್ಮದ ಕಾಲುಚೀಲ. ಪೂರ್ಣ ವುಝೂ ಮಾಡಿ ಧರಿಸಿದರೆ ಊರಲ್ಲೇ ಇರುವವರು ಒಂದು ಹಗಲು ಒಂದು ರಾತ್ರಿ, ಪ್ರಯಾಣಿಕರು ಮೂರು ಹಗಲು ಮೂರು ರಾತ್ರಿ ಕಾಲು ತೊಳೆಯುವ ಬದಲು ಅದರ ಮೇಲೆ ಒದ್ದೆ ಕೈ ಸವರಿದರೆ ಸಾಕು. ಹರಡುಗಂಟು ಮುಚ್ಚಿರಬೇಕು, ನೀರು ಒಳಗೆ ಇಳಿಯಬಾರದು ಎಂಬ ನಿಬಂಧನೆ ಇರುವುದರಿಂದ ಸಾಮಾನ್ಯ ಉಣ್ಣೆಯ ಕಾಲುಚೀಲಕ್ಕೆ ನಮ್ಮ ಮದ್‌ಹಬಿನಲ್ಲಿ ಈ ವಿನಾಯಿತಿ ಇಲ್ಲ.

ಜುಮುಅಗೆ (ಶುಕ್ರವಾರದ ಸಾಮೂಹಿಕ ನಮಾಝಿಗೆ) ಶಾಫಿಈ ಮತದಲ್ಲಿ ಆ ಊರಿನ ನಲವತ್ತು ಮಂದಿ ಗಂಡಸರು ಸೇರಬೇಕು. ಮನೆಗಳು ದೂರದೂರ ಇರುವ ತೋಟದ ಸೀಮೆಯಲ್ಲಿ ಇದು ಸಣ್ಣ ಸಂಖ್ಯೆಯಲ್ಲ. ನಾನು ಹೋಗದಿದ್ದರೂ ನಡೆಯುತ್ತದೆ ಎನ್ನಲು ಸಣ್ಣ ಪಳ್ಳಿಗಳಲ್ಲಿ ಯಾರಿಗೂ ಆಗುವುದಿಲ್ಲ. ಮೈಸೂರಿಗೆ ಹೋಗುವ ದಿನ ಪ್ರಯಾಣಿಕನ ವಿನಾಯಿತಿ ಬಳಸಿ ಳುಹರ್ ಮತ್ತು ಅಸರನ್ನು ಎರಡೆರಡು ರಕಅತ್ ಆಗಿ ಒಟ್ಟಿಗೆ ನಿರ್ವಹಿಸುತ್ತೇನೆ. ನಮಾಝಿನ ನಂತರದ ದಿಕ್ರ್ (ಅಲ್ಲಾಹನ ಸ್ಮರಣೆ), ಶುಕ್ರವಾರದ ಅಲ್ ಕಹ್ಫ್ ಅಧ್ಯಾಯ, ಎಂದಾದರೊಮ್ಮೆ ಎಮ್ಮೆಮಾಡಿನ ಮಖಾಂ ಝಿಯಾರತ್ (ದರ್ಗಾ ಭೇಟಿ), ಇವನ್ನು ಆದಷ್ಟು ಮಾತ್ರ ಇಟ್ಟುಕೊಂಡಿದ್ದೇನೆ. ಅಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬ ಹದೀಸ್ ನನ್ನಂಥವರಿಗಾಗಿಯೇ ಇದೆ.

ರಮಝಾನ್ ಉಪವಾಸ ಚಾಂದ್ರಮಾನದಂತೆ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಬಂದು, 2025ರಲ್ಲಿ ಮಾರ್ಚ್ ತಿಂಗಳಿಗೆ, ಅಂದರೆ ಮೆಣಸಿನ ಕೊಯ್ಲಿಗೂ ಸ್ಪ್ರಿಂಕ್ಲರ್ ಹಾಯಿಸಿ ಕಾಫಿ ಹೂ ಬಿಡಿಸುವ ಕೆಲಸಕ್ಕೂ ಸೇರಿಕೊಂಡಿತು. ಏಣಿ ಹತ್ತುವವರಿಗೆ ಅದು ಸುಲಭವಲ್ಲ. ಶಾಫಿಈ ಗ್ರಂಥಗಳಲ್ಲಿ ಕೊಯ್ಲಿನ ಕೆಲಸಗಾರರ ಬಗ್ಗೆಯೇ ಹೇಳಿದೆ: ರಾತ್ರಿ ನಿಯ್ಯತ್ (ಸಂಕಲ್ಪ) ಮಾಡಿ ಉಪವಾಸದಿಂದಲೇ ಕೆಲಸಕ್ಕೆ ಇಳಿಯಬೇಕು, ಸಹಿಸಲಾಗದ ಕಷ್ಟ ಬಂದರೆ ಮುರಿಯಬಹುದು, ಆಮೇಲೆ ಹಿಡಿದು ತೀರಿಸಬೇಕು. ನಾಳೆ ಕಷ್ಟವಾಗಬಹುದು ಎಂದು ಇಂದೇ ಬಿಟ್ಟುಬಿಡುವ ಅವಕಾಶ ಅದರಲ್ಲಿಲ್ಲ. ಈ ನಿಯಮ ತಿಳಿದ ಮೇಲೆ ಉಪವಾಸ ಆರಂಭಿಸಲು ಅಂಜುವ ಹುಡುಗರು ಕಡಿಮೆಯಾದದ್ದನ್ನು ಕಂಡಿದ್ದೇನೆ. ಆರಂಭಿಸಿದವರಲ್ಲಿ ಹೆಚ್ಚಿನವರು ಸಂಜೆಯ ಖರ್ಜೂರದವರೆಗೂ ತಲುಪುತ್ತಾರೆ.

ಕೊನೆಯದಾಗಿ ಝಕಾತ್. ನಮ್ಮವರಲ್ಲಿ ಹೆಚ್ಚು ಗೊಂದಲ ಇರುವುದು ಕಾಫಿಯ ಬಗ್ಗೆ. ಬೆಳೆಯ ಝಕಾತ್ ಶಾಫಿಈ ಮತದಲ್ಲಿ ಕೂಡಿಡಲು ಬರುವ ಮುಖ್ಯ ಆಹಾರ ಬೆಳೆಗಳಿಗೆ ಮತ್ತು ಖರ್ಜೂರ, ದ್ರಾಕ್ಷಿಗೆ ಮಾತ್ರ. ಗದ್ದೆಯ ಭತ್ತಕ್ಕೆ ಇದೆ, ಕಾಫಿಗೂ ಮೆಣಸಿಗೂ ಇಲ್ಲ. ಭತ್ತದಲ್ಲಿ ಮಳೆಯ ನೀರಿನಿಂದ ಬೆಳೆದದ್ದಕ್ಕೆ ಹತ್ತರಲ್ಲಿ ಒಂದು ಪಾಲು, ಖರ್ಚು ಮಾಡಿ ನೀರು ಹಾಯಿಸಿದ್ದಕ್ಕೆ ಇಪ್ಪತ್ತರಲ್ಲಿ ಒಂದು. ಹನಫಿಯಾದ ನನ್ನ ಗೆಳೆಯ ಇಮಾಮ್ ಅಬೂ ಹನೀಫಾರ ಮತದಂತೆ ಕಾಫಿಯಿಂದಲೂ ತೆಗೆದಿಡುತ್ತಾನೆ. ಹಾಗೆಂದು ಶಾಫಿಈ ಬೆಳೆಗಾರ ಪೂರ್ತಿ ಪಾರಾದನೆಂದಲ್ಲ: ಕಾಫಿ ಮಾರಿ ಬಂದ ಹಣ ನಿಸಾಬ್ ಎಂಬ ಕನಿಷ್ಠ ಮಿತಿಯನ್ನು ಮುಟ್ಟಿ ಒಂದು ಚಾಂದ್ರಮಾನ ವರ್ಷ ಕೈಯಲ್ಲಿ ಉಳಿದರೆ ಶೇಕಡಾ 2.5 ಕೊಡಲೇಬೇಕು. ನಿಸಾಬನ್ನು ಸುಮಾರು 85 ಗ್ರಾಂ ಚಿನ್ನ ಅಥವಾ 595 ಗ್ರಾಂ ಬೆಳ್ಳಿಯ ಬೆಲೆಯಿಂದ ಲೆಕ್ಕ ಹಾಕುತ್ತಾರೆ. ಬಡವರಿಗೆ ಅನುಕೂಲವಾದ ಬೆಳ್ಳಿಯ ಲೆಕ್ಕವನ್ನೇ ನಾನು ಹಿಡಿದಿದ್ದೇನೆ. ಬೆಲೆ ಏರಲೆಂದು ಗೋದಾಮಿನಲ್ಲಿ ಇಟ್ಟ ಸ್ವಂತ ಬೆಳೆಯ ಚೆರಿಗೆ (ಒಣಗಿಸಿದ ಕಾಫಿ ಹಣ್ಣಿಗೆ), ಮಾರುವವರೆಗೂ ಲೆಕ್ಕವಿಲ್ಲ. ಅದೇ ಗೋದಾಮಿನಲ್ಲಿ ಬೇರೆಯವರಿಂದ ಮಾರಾಟಕ್ಕೆಂದು ಖರೀದಿಸಿದ ಕಾಫಿ ಇದ್ದರೆ ಅದು ವ್ಯಾಪಾರದ ಸರಕು, ವರ್ಷ ತುಂಬಿದ ದಿನದ ಬೆಲೆಗೆ ಝಕಾತ್ ಬರುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ಪುಸ್ತಕದಲ್ಲಿ ಬರೆಯುತ್ತೇನೆ. ವರ್ಷದ ಲೆಕ್ಕವನ್ನು ಮಾರ್ಚ್ 31ಕ್ಕೆ ಮುಗಿಸದೆ ಹಿಜರಿ ತಾರೀಖಿಗೆ ಮುಗಿಸುತ್ತೇನೆ, ಇಲ್ಲವಾದರೆ ವರ್ಷಕ್ಕೆ ಹನ್ನೊಂದು ದಿನದ ಝಕಾತ್ ಹಿಂದುಳಿಯುತ್ತದೆ. ಅಂದು ಲೈನ್ ಮನೆಗಳ (ತೋಟದ ಕೆಲಸಗಾರರ ಸಾಲುಮನೆಗಳ) ಕೂಲಿ ಬಾಕಿ ಏನಾದರೂ ಇದ್ದರೆ ಮೊದಲು ಅದನ್ನು ತೀರಿಸುತ್ತೇನೆ. ಕೂಲಿ ಸಾಲ, ಅದನ್ನು ಝಕಾತ್‌ನ ಹೆಸರಿನಲ್ಲಿ ಕೊಟ್ಟರೆ ಎರಡೂ ಆಗುವುದಿಲ್ಲ.