ಅಮೆರಿಕದ ಪಬ್ಲಿಕ್ ಸ್ಕೂಲಲ್ಲಿ ಟೀಚರ್ ಆಗ್ತೀರಾ? ಸೈನ್ ಹಾಕೋ ಮುಂಚೆ ಇಷ್ಟು ನೋಡ್ಕೊಳ್ಳಿ

ಇಲ್ಲಿ ಬಿ.ಎಡ್ ಮುಗಿಸಿ ಒಂದಷ್ಟು ವರ್ಷ ಪಾಠನೂ ಮಾಡಿ, ಆಮೇಲೆ ಗಂಡನ ಜೊತೆ ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಹೋದ ನಮ್ಮ ಹೆಣ್ಮಕ್ಕಳು ತುಂಬಾ ಜನ ಇದಾರೆ. ಇಎಡಿ ಕಾರ್ಡ್, ಅಂದ್ರೆ ಅಲ್ಲಿ ಕೆಲಸ ಮಾಡೋಕೆ ಸರ್ಕಾರ ಕೊಡೋ ಪರ್ಮಿಟ್, ಕೈಗೆ ಬಂದ್ರೆ ಮೊದಲು ಕಣ್ಣು ಹೋಗೋದು ಮನೆ ಹತ್ರದ ಪಬ್ಲಿಕ್ ಸ್ಕೂಲ್ (ಅಲ್ಲಿನ ಸರ್ಕಾರಿ ಶಾಲೆ) ಮೇಲೆ. ಆದ್ರೆ ಅಲ್ಲಿ ಕೆಲಸ ಕೊಡೋದು ಆ ಸ್ಕೂಲ್ ಅಲ್ಲ, ಆ ಭಾಗದ ಪಬ್ಲಿಕ್ ಸ್ಕೂಲ್‌ಗಳನ್ನ ನೋಡ್ಕೊಳ್ಳೋ ಸ್ಕೂಲ್ ಡಿಸ್ಟ್ರಿಕ್ಟ್. ನಮ್ಮ ಬಿಇಒ ಆಫೀಸ್ ಥರ ಅನ್ಕೋಬೇಡಿ, ಬಹುತೇಕ ಕಡೆ ಜನ ವೋಟ್ ಹಾಕಿ ಆರಿಸಿದ ಬೋರ್ಡ್ ಇದನ್ನ ನಡೆಸೋದು. ಸಂಬಳ ಕೊಡೋ ಧಣಿನೂ ಅದೇ ಸರ್ಕಾರನೂ ಅದೇ, ಹಂಗಾಗಿ ಪ್ರೈವೇಟ್ ಕಂಪನಿಲಿ ಇಲ್ಲದ ಕೆಲವು ಹಕ್ಕು ನಿಮಗೆ ಸಿಗುತ್ತೆ, ಆದ್ರೆ ಎಲ್ಲಾದಕ್ಕೂ ಪೇಪರ್ ಬೇಕು, ತಾರೀಕು ಬೇಕು.

ಮೊದಲನೇದು ಸರ್ಟಿಫಿಕೇಟ್. ಪರ್ಮನೆಂಟ್ ಟೀಚರ್ ಆಗ್ಬೇಕಂದ್ರೆ ಆ ರಾಜ್ಯದ ಲೈಸೆನ್ಸ್ ಬೇಕು, ಅದಕ್ಕೆ ನಿಮ್ಮ ಡಿಗ್ರಿನ ಅಲ್ಲಿನ ಸಂಸ್ಥೆ ಒಂದು ಎವ್ಯಾಲ್ಯುಯೇಟ್ ಮಾಡ್ಬೇಕು, ಅದಕ್ಕೆ ಯೂನಿವರ್ಸಿಟಿಯಿಂದ ಟ್ರಾನ್ಸ್‌ಕ್ರಿಪ್ಟ್ ಬೇಕು. ಊರಲ್ಲಿರೋ ತಮ್ಮನ್ನೋ ಅಣ್ಣನ್ನೋ ಯೂನಿವರ್ಸಿಟಿ ಕೌಂಟರ್‌ಗೆ ಓಡಾಡ್ಸೋ ಕೆಲಸ ಇದು, ಬೇಗ ಶುರು ಮಾಡಿ. ಸಬ್ಸ್ಟಿಟ್ಯೂಟ್ ಟೀಚರ್ (ರಜೆಲಿರೋ ಟೀಚರ್ ಬದಲಿಗೆ ಹೋಗೋ "ಸಬ್") ಆಗೋಕೆ ಷರತ್ತು ಕಮ್ಮಿ, ಅದೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬೆರಳಚ್ಚು, ಕ್ರಿಮಿನಲ್ ರೆಕಾರ್ಡ್ ಚೆಕ್ಕು ಆಗೇ ಆಗುತ್ತೆ.

ಎರಡನೇದು ಐ-9 ಫಾರ್ಮ್, ನಿಮಗೆ ಅಲ್ಲಿ ಕೆಲಸ ಮಾಡೋ ಅನುಮತಿ ಇದೆ ಅಂತ ತೋರ್ಸೋ ಫಾರ್ಮ್ ಇದು. ನಿಮ್ಮ ಭಾಗನ ಕೆಲಸದ ಮೊದಲ ದಿನದೊಳಗೆ ತುಂಬ್ಬೇಕು, ಡಿಸ್ಟ್ರಿಕ್ಟ್ ನಿಮ್ಮ ದಾಖಲೆನ 3 ಕೆಲಸದ ದಿನದೊಳಗೆ ಪರಿಶೀಲಿಸ್ಬೇಕು. ಲಿಸ್ಟಲ್ಲಿರೋ ಯಾವ ದಾಖಲೆ ತೋರಿಸ್ಬೇಕು ಅನ್ನೋದು ನಿಮ್ಮ ಇಷ್ಟ. ಇಎಡಿ ಕಾರ್ಡ್ ಒಂದೇ ಸಾಕು, ಅದರ ಮೇಲೆ "ಪಾಸ್‌ಪೋರ್ಟೂ ಕೊಡಿ, ಗ್ರೀನ್ ಕಾರ್ಡ್ ಇದ್ಯಾ" ಅಂತ ಎಚ್‌ಆರ್ ಒತ್ತಾಯ ಮಾಡೋ ಹಾಗಿಲ್ಲ. ಇನ್ನೊಂದು, 2025ರ ಅಕ್ಟೋಬರ್ 30ರಿಂದ ಹಾಕಿದ ಇಎಡಿ ರಿನ್ಯೂವಲ್‌ಗೆ ಮುಂಚಿನ ಥರ ತಾನಾಗೇ ಅವಧಿ ಮುಂದುವರಿಯೋ ಸೌಲಭ್ಯ ಇಲ್ಲ, ಕಾರ್ಡ್ ಮುಗಿದ ದಿನ ಕ್ಲಾಸಿಂದ ಹೊರಗೆ ಬರ್ಬೇಕಾಗುತ್ತೆ, ಆದ್ದರಿಂದ 180 ದಿನ ಮುಂಚೆನೇ ಅರ್ಜಿ ಹಾಕ್ಬಿಡಿ.

ಡಿಸ್ಟ್ರಿಕ್ಟೇ ಎಚ್-1ಬಿ ಕೆಲಸದ ವೀಸಾ ಕೊಡಿಸ್ತೀವಿ ಅಂದ್ರೆ ಇನ್ನೂ ಹುಷಾರು. ಆ ಅರ್ಜಿ ಹಾಕೋದು ಕೆಲಸ ಕೊಡೋರು, ಅದರ ಫೀಸು, ವಕೀಲರ ಖರ್ಚು ಅವರದೇ, ನಿಮ್ಮ ಜೇಬಿಂದ ಕಟ್ಟಿಸಿದ್ರೆ ಅದು ಕಾನೂನು ಪ್ರಕಾರ ಸಂಬಳ ಕಡಿತ ಆದಂಗೆ. ಮೇರಿಲ್ಯಾಂಡಿನ ಪ್ರಿನ್ಸ್ ಜಾರ್ಜಸ್ ಕೌಂಟಿ ಡಿಸ್ಟ್ರಿಕ್ಟ್ ಹೊರದೇಶದ ಟೀಚರ್‌ಗಳ ಹತ್ರ ಹೀಗೇ ಫೀಸು ಕಟ್ಟಿಸಿತ್ತು, ಹೆಚ್ಚಿನೋರು ಫಿಲಿಪೀನ್ಸ್‌ನವರು. ಕಾರ್ಮಿಕ ಇಲಾಖೆ ತನಿಖೆ ಮಾಡಿ, 2011ರಲ್ಲಿ 1,044 ಟೀಚರ್‌ಗಳಿಗೆ ಸುಮಾರು 42 ಲಕ್ಷ ಡಾಲರ್ ವಾಪಸ್ ಕೊಡ್ಸಿತು, ಒಂದು ಲಕ್ಷ ಡಾಲರ್ ದಂಡ, ಜೊತೆಗೆ 2 ವರ್ಷ ಹೊರದೇಶದೋರನ್ನ ಹೊಸದಾಗಿ ಕರೆಸ್ಕೊಳ್ಳೋಕೆ ನಿಷೇಧ. ದುಡ್ಡು ವಾಪಸ್ ಬಂತು ಸರಿ, ಆದ್ರೆ ಆ ನಿಷೇಧದಿಂದ ವೀಸಾ ಮುಂದುವರಿಯದೆ ಕೆಲಸ ಹೋಗಿದ್ದು ತಪ್ಪೇ ಮಾಡದ ಟೀಚರ್‌ಗಳದ್ದು, ಅದು ನ್ಯಾಯ ಅಂತ ನನಗಂತೂ ಅನ್ಸಲ್ಲ.

ಕೆಲಸ ಶುರು ಆದ್ಮೇಲೆ ಗೊತ್ತಿರಲೇಬೇಕಾದ್ದು, ಮಗುಗೆ ಹಿಂಸೆ ಆಗ್ತಿದೆ ಅಂತ ಅನುಮಾನ ಬಂದ್ರೆ ನೀವೇ ವರದಿ ಮಾಡ್ಬೇಕು. ಕ್ಯಾಲಿಫೋರ್ನಿಯಾದಲ್ಲಿ ತಕ್ಷಣ ಫೋನು, 36 ಗಂಟೆಯೊಳಗೆ ಬರಹದಲ್ಲಿ. ನಮ್ಮಲ್ಲಿ ಎಚ್‌ಎಂ ಕಿವಿಗೆ ಹಾಕಿದ್ರೆ ಮುಗೀತು ಅನ್ಕೊಳ್ತೀವಲ್ಲ, ಅಲ್ಲಿ ಪ್ರಿನ್ಸಿಪಾಲ್‌ಗೆ ಹೇಳಿದ್ರೆ ನಿಮ್ಮ ಜವಾಬ್ದಾರಿ ಮುಗಿಯಲ್ಲ. ಮಕ್ಕಳ ಮಾರ್ಕ್ಸು, ಫೋಟೋ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕೋದು ಬೇಡ್ವೇ ಬೇಡ.

ರಜೆ ವಿಷಯ. ನ್ಯೂಯಾರ್ಕ್ ಸಿಟಿ ಸ್ಕೂಲಿಗೆ ದೀಪಾವಳಿ ರಜೆ ಕಾನೂನಲ್ಲೇ ಬಂದಿದೆ, ಬೇರೆ ಕಡೆ ಕೇಳಿ ತಗೋಬೇಕು. ಧರ್ಮದ ಕಾರಣಕ್ಕೆ ಹೊಂದಾಣಿಕೆ ಕೇಳಿದ್ರೆ, ದೊಡ್ಡ ಹೊರೆ ಆಗುತ್ತೆ ಅಂತ ತೋರಿಸದೆ ಇಲ್ಲ ಅನ್ನೋ ಹಾಗಿಲ್ಲ ಅಂತ 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ಆದ್ರೆ ಸಂಬಳದ ರಜೆನೇ ಕೊಡ್ಬೇಕು ಅಂತಿಲ್ಲ. ಊರಲ್ಲಿ ಅಮ್ಮಂಗೆ ತೀರಾ ಹುಷಾರಿಲ್ಲ ಅಂದ್ರೆ ಎಫ್‌ಎಂಎಲ್‌ಎ ಅನ್ನೋ ಅಮೆರಿಕದ ಕುಟುಂಬ-ಕಾಯಿಲೆ ರಜೆ ಕಾನೂನಿನ ಅಡಿ ವರ್ಷಕ್ಕೆ 12 ವಾರ ಸಂಬಳ ಇಲ್ಲದ ರಜೆ ಇದೆ, ಹೋಗಿ ಬಂದ್ಮೇಲೆ ಕೆಲಸ ಇರುತ್ತೆ. ಅದಕ್ಕೆ 12 ತಿಂಗಳು ಕೆಲಸ ಮಾಡಿರ್ಬೇಕು, ಹಿಂದಿನ ವರ್ಷ 1,250 ಗಂಟೆ ಆಗಿರ್ಬೇಕು, ಅಪರೂಪಕ್ಕೆ ಹೋಗೋ ಸಬ್‌ಗಳಿಗೆ ಇದು ಕಷ್ಟ. ಅತ್ತೆ-ಮಾವ ಇದರಲ್ಲಿ ಬರಲ್ಲ! ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನಲ್ಲಿ ಬರ್ತಾರೆ. ಟರ್ಮ್ ಕೊನೆಯ ವಾರಗಳಲ್ಲಿ ರಜೆ ತಗೊಂಡ್ರೆ ಕೆಲವು ಸಂದರ್ಭದಲ್ಲಿ "ಟರ್ಮ್ ಮುಗಿದ ಮೇಲೇ ವಾಪಸ್ ಬನ್ನಿ" ಅನ್ನೋ ಹಕ್ಕು ಡಿಸ್ಟ್ರಿಕ್ಟ್‌ಗಿದೆ, ಟಿಕೆಟ್ ಬುಕ್ ಮಾಡೋ ಮುಂಚೆ ಕೇಳಿ.

ಕೊನೇದು ಜಗಳ ಬಂದಾಗ. ಕಾಯಂ ಆದೋರನ್ನ ತೆಗೆಯೋ ಮುಂಚೆ ಆರೋಪ ಏನು ಅಂತ ತಿಳಿಸಿ ಅವರ ಮಾತು ಕೇಳ್ಬೇಕು ಅಂತ 1985ರ ಲೌಡರ್‌ಮಿಲ್ ಕೇಸಲ್ಲಿ ತೀರ್ಪಾಗಿದೆ, ಅದೂ ಕ್ಲೀವ್‌ಲ್ಯಾಂಡ್ ಸ್ಕೂಲ್ ಬೋರ್ಡಿನ ಒಬ್ಬ ಸೆಕ್ಯುರಿಟಿ ಗಾರ್ಡ್ ಕೇಸು. ಪ್ರೊಬೇಷನ್‌ನಲ್ಲಿರೋರಿಗೆ ಸಾಮಾನ್ಯವಾಗಿ ಈ ರಕ್ಷಣೆ ಇಲ್ಲ. ಯೂನಿಯನ್ ಸೇರೋದು ನಿಮ್ಮಿಷ್ಟ, 2018ರಿಂದ ಸೇರದೋರಿಂದ ಫೀಸು ಕಿತ್ಕೊಳ್ಳೋ ಹಾಗಿಲ್ಲ, ಆದ್ರೂ ಕಂಪ್ಲೇಂಟ್ ಮೀಟಿಂಗಿಗೆ ಪಕ್ಕದಲ್ಲಿ ಕೂರೋಕೆ ಒಬ್ಬರು ಸಿಗ್ತಾರೆ ಅಂದ್ರೆ ಚಂದಾ ದುಬಾರಿ ಅಲ್ಲ ಅಂತೀನಿ. ಬಣ್ಣ, ದೇಶ, ಧರ್ಮ ನೋಡಿ ತಾರತಮ್ಯ ಮಾಡಿದ್ರೆ ಕೆಲಸದಲ್ಲಿನ ತಾರತಮ್ಯದ ದೂರು ನೋಡೋ ಕೇಂದ್ರ ಸಂಸ್ಥೆ ಇಇಒಸಿಗೆ 180 ದಿನದೊಳಗೆ ದೂರು ಕೊಡ್ಬೇಕು, ರಾಜ್ಯದಲ್ಲಿ ಅಂಥದ್ದೇ ಸಂಸ್ಥೆ ಇದ್ರೆ 300 ದಿನ. ಡಿಸ್ಟ್ರಿಕ್ಟ್ ಒಳಗಡೆ ಕೊಟ್ಟ ದೂರಿನ ವಿಚಾರಣೆ ನಡೀತಿದೆ ಅಂತ ಈ ದಿನಗಳ ಲೆಕ್ಕ ನಿಲ್ಲಲ್ಲ, ಎರಡನ್ನೂ ಒಟ್ಟಿಗೇ ಹಾಕಿ.