ನಾಲ್ಕು ಪುಟದ ಲೇಖನ, ಮೂರು ದಿನದ ಸ್ಕ್ಯಾನ್

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಹಿರಿಯರೊಬ್ಬರು ಲೇಖನ ಕಳಿಸಿದ್ದರು. ಹಳೇ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ನಮ್ಮ ಮನೆಯ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬು. ಅದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರಕ್ಕೆ, ಬದಲಿಸುವ ಕನ್ವರ್ಟರ್ ಬೇಕಾಗಿತ್ತು. ಹುಡುಕಿದೆ. ಕಣ್ಣಿಗೆ ಬಿದ್ದ ಮೊದಲ ಪುಟದಲ್ಲಿ ಮೂರು ಹಸಿರು ಡೌನ್‌ಲೋಡ್ ಬಟನ್ ಇದ್ದವು. ಎಲ್ಲಕ್ಕಿಂತ ದೊಡ್ಡದನ್ನು ಒತ್ತಿದೆ. 'ಈ ಪ್ರೋಗ್ರಾಮಿಗೆ ಅನುಮತಿ ಕೊಡಬಹುದಾ' ಅಂತ ವಿಂಡೋಸ್ ಕೇಳಿತು. ಎಸ್ ಅಂದೆ.

ನುಡಿಯದ್ದೇನೂ ತಪ್ಪಿಲ್ಲ. ಅದು ಕನ್ನಡ ಗಣಕ ಪರಿಷತ್ತು ಮಾಡಿದ ತಂತ್ರಾಂಶ. ನಾನು ಹೋಗಿ ಕೂತದ್ದು ಬೇರೆ ಯಾರದ್ದೋ ಅಂಗಡಿಯಲ್ಲಿ.

ಮಾರನೇ ದಿನದಿಂದ ಶುರುವಾಯಿತು. ಕ್ರೋಮ್ ತೆರೆದರೆ ಗೂಗಲ್ ಬದಲು ಹೆಸರೇ ಕೇಳಿರದ ಸರ್ಚ್ ಪುಟ. ಬಲಗಡೆ ಕೆಳಗೆ ನಿಮಿಷಕ್ಕೊಂದು ಡಬ್ಬಿ ಮೇಲೆದ್ದು 'ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ' ಅನ್ನುವುದು. ಕ್ರೋಮ್‌ನ ಮೆನುವಿನ ಕೊನೆಯಲ್ಲಿ ಹೊಸದೊಂದು ಸಾಲು: ಈ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ. ಮುಂಬಯಿ ಮುಲುಂಡಿನ ಈ ಒನ್ ಬಿಎಚ್‌ಕೆ ಮನೆಯಲ್ಲಿ ಸಂಸ್ಥೆ ಅಂದರೆ ನಾನು, ಹೆಂಡತಿ, ಮಗಳು. ನಾವು ಮೂವರೂ ನಿರ್ವಹಿಸುತ್ತಿರಲಿಲ್ಲ.

"ಎಂತ ಮಾರಾಯ್ರೆ, ಬ್ಯಾಂಕಿನ ಕೆಲಸ ಎಲ್ಲ ಇದ್ರಲ್ಲೇ ಮಾಡುದಲ್ದಾ ನೀವು?" ಅಂದಳು ಹೆಂಡತಿ. ಅಲ್ಲಿಯವರೆಗೆ ನನಗೆ ಅಷ್ಟು ಭಯ ಆಗಿರಲಿಲ್ಲ.

ಸ್ಟೇಷನ್ ಪಕ್ಕದ ರಿಪೇರಿಯವನನ್ನು ಕೇಳಿದೆ. ಯಂತ್ರ ನೋಡುವ ಮೊದಲೇ "ಫಾರ್ಮ್ಯಾಟ್ ಮಾರ್‌ನಾ ಪಡೇಗಾ, ಅಂಕಲ್" ಅಂದ. ಫಾರ್ಮ್ಯಾಟ್ ಮಾಡಿದರೆ, ಅಂದರೆ ಡಿಸ್ಕಿನಲ್ಲಿ ಇದ್ದದ್ದನ್ನೆಲ್ಲ ಅಳಿಸಿದರೆ, ಸರಿಹೋಗುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಹತ್ತು ವರ್ಷದ ಫೋಟೋ, ಸಂಘದ ಲೆಕ್ಕ, ಒಂದೊಂದಾಗಿ ಕೂಡಿಸಿಟ್ಟ ಪ್ರೋಗ್ರಾಂಗಳು? ಅದು ಕೊನೆಯ ದಾರಿ, ಮೊದಲನೆಯದಲ್ಲ ಅನಿಸಿತು. ಪುಣೆಯಲ್ಲಿರುವ ಅಕ್ಕನ ಮಗನಿಗೆ ಫೋನ್ ಹಚ್ಚಿದೆ.

"ಮಾವ, ಮೊದಲು ವೈಫೈ ತೆಗೀರಿ. ಆ ನಂಬರಿಗೆ ಮಾತ್ರ ಫೋನ್ ಮಾಡ್ಬೇಡಿ. ಆಮೇಲೆ ಆನ್-ಡಿಮ್ಯಾಂಡ್ ಸ್ಕ್ಯಾನರ್ ಓಡಿಸಿ" ಅಂದ.

ಹಾಗಂದರೆ ಏನು ಅಂತ ನನಗೆ ಅರ್ಥವಾದದ್ದು ನಮ್ಮ ಬಿಲ್ಡಿಂಗಿನ ಲೆಕ್ಕದಲ್ಲಿ. ಗೇಟಿನಲ್ಲಿ ದಿನವಿಡೀ ಕೂರುವ ವಾಚ್‌ಮನ್ ಇದ್ದ ಹಾಗೆ ವಿಂಡೋಸ್‌ನ ಡಿಫೆಂಡರ್. ಆನ್-ಡಿಮ್ಯಾಂಡ್ ಸ್ಕ್ಯಾನರ್ ಪೆಸ್ಟ್ ಕಂಟ್ರೋಲಿನವನ ಹಾಗೆ. ಕರೆದಾಗ ಬರುತ್ತಾನೆ, ಸಿಂಕಿನ ಕೆಳಗೆಲ್ಲ ನೋಡುತ್ತಾನೆ, ಹೋಗುತ್ತಾನೆ. ಒಂದೇ ಗೇಟಿಗೆ ಇಬ್ಬರು ವಾಚ್‌ಮನ್ ಇಟ್ಟರೆ ಜಗಳ. ಎರಡು ಆಂಟಿವೈರಸ್ ಒಟ್ಟಿಗೆ ಕಾವಲು ಕೂತರೂ ಹಾಗೇ, ಯಂತ್ರ ನಿಧಾನವಾಗುತ್ತದೆ. ಪೆಸ್ಟ್ ಕಂಟ್ರೋಲಿನವನನ್ನು ಮಾತ್ರ ಎಷ್ಟು ಸಲ ಬೇಕಾದರೂ, ಬೇರೆ ಬೇರೆ ಕಡೆಯಿಂದಲೂ ಕರೆಸಬಹುದು. ಇಂಥ ಉಚಿತ ಟೂಲ್‌ಗಳು ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲೂ ಸಿಗುತ್ತವೆ. ನಾನು ಬಳಸಿದ್ದು ಬೇರೆ ಎರಡನ್ನು.

ಶುಕ್ರವಾರ ರಾತ್ರಿ ಫೋಟೋ ಮತ್ತು ಲೆಕ್ಕದ ಫೈಲುಗಳನ್ನಷ್ಟೇ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಡಿಸ್ಕ್ ಕಿತ್ತಿಟ್ಟೆ. ಪ್ರೋಗ್ರಾಂ ಫೈಲು ಒಂದನ್ನೂ ಮುಟ್ಟಲಿಲ್ಲ. ಮಗಳ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದೆ. ಇದನ್ನು ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಒಂದೇ ಫೈಲು, ಎರಡು ಸಲ ಒತ್ತಿದರೆ ಓಡುತ್ತದೆ. ಇಳಿಸಿ 10 ದಿನವಾದರೆ ಕೆಲಸ ಮಾಡುವುದಿಲ್ಲ, ಹೊಸ ಪಟ್ಟಿಯ ಸಮೇತ ಮತ್ತೆ ಇಳಿಸಬೇಕು. ಹಳೇ ಔಷಧಿ ಹೊಡೆಯುವುದು ಬೇಡ ಅಂತ ಅವರೇ ಮಾಡಿದ ಏರ್ಪಾಡು.

ಫುಲ್ ಸ್ಕ್ಯಾನ್ ಹಚ್ಚಿ ಊಟಕ್ಕೆ ಕೂತೆ. ಎದ್ದು ಬಂದು ನೋಡಿದರೆ 'ಇನ್ಫೆಕ್ಟೆಡ್ ಫೈಲ್ಸ್: 7' ಅಂತ ತೋರಿಸುತ್ತಿತ್ತು. ಎದೆ ಧಸಕ್ಕೆಂದಿತು. ನಾಲ್ಕೂವರೆ ತಾಸು ಓಡಿ, ರಾತ್ರಿ ಎರಡು ಗಂಟೆಯ ಹೊತ್ತಿಗೆ 'ಏನೂ ಸಿಗಲಿಲ್ಲ' ಅಂತ ಹೇಳಿ ಮುಗಿಸಿತು! ಹಾಗಾದರೆ ಆ ಏಳು ಎಲ್ಲಿ ಹೋದವು? ನಿದ್ದೆ ಬಾರದೆ ಓದಿದೆ. ಸ್ಕ್ಯಾನ್ ನಡೆಯುವಾಗ ತೋರಿಸುವ ಲೆಕ್ಕ ಬರೀ ಅನುಮಾನದ್ದಂತೆ. ಕೊನೆಗೆ ಎಲ್ಲವನ್ನೂ ಮತ್ತೆ ಪರೀಕ್ಷಿಸಿ, ನಿಜವಾದವನ್ನಷ್ಟೇ ಹೇಳುತ್ತದೆ. ಪಕ್ಕಾ ಉತ್ತರ ಇರುವುದು ಅದರ ಲಾಗ್ ಫೈಲಿನಲ್ಲಿ. ಸಿ ಡ್ರೈವ್, ಒಳಗೆ ವಿಂಡೋಸ್, ಅದರೊಳಗೆ ಡೀಬಗ್ ಅನ್ನುವ ಫೋಲ್ಡರಿನಲ್ಲಿ ಸಿಗುತ್ತದೆ. ಇದು ಮೊದಲೇ ಗೊತ್ತಿದ್ದಿದ್ದರೆ ಒಂದು ರಾತ್ರಿ ಸುಮ್ನೆ ಮಲಗುತ್ತಿದ್ದೆ.

ಶನಿವಾರ ವೈಫೈ ಹಾಕಿ ಎರಡನೇ ಸ್ಕ್ಯಾನರ್ ಮಾಲ್‌ವೇರ್‌ಬೈಟ್ಸ್ ಇಳಿಸಿದೆ, ಈ ಸಲ ಅವರದೇ ಸೈಟಿನಿಂದ, ಬಟನ್ ಎಣಿಸಿಕೊಂಡು. 14 ದಿನದ ಟ್ರಯಲ್ ಬೇಡ ಅಂದೆ, ನನಗೆ ಬೇಕಾದದ್ದು ಸ್ಕ್ಯಾನ್ ಮಾತ್ರ. ಇದು ಬೇಗ ಮುಗಿಯಿತು. ಸಿಕ್ಕಿದ್ದು 37.

ಇಲ್ಲಿ 'ಎಲ್ಲ ತೆಗೆ' ಅಂತ ಒತ್ತಲು ಕೈ ತುರಿಸುತ್ತದೆ. ನಾನು ಒತ್ತಲಿಲ್ಲ, ಚಹಾ ಇಟ್ಟುಕೊಂಡು ಒಂದೊಂದೇ ಸಾಲು ಓದಿದೆ. ಬಹಳಷ್ಟರ ಹೆಸರು 'ಪಪ್' ಅಂತ ಶುರುವಾಗುತ್ತಿತ್ತು, ಅಂದರೆ ಬೇಡದ ಪ್ರೋಗ್ರಾಂ. ಕದಿಯುವ ವೈರಸ್ ಅಲ್ಲ, ಹೇಳದೆ ಕೇಳದೆ ಬಂದು ಕೂರುವ ನೆಂಟ. ಒಂದು ಕ್ರೋಮ್ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಅಂಟಿಕೊಳ್ಳುವ ಚಿಕ್ಕ ಪ್ರೋಗ್ರಾಂ. ಅದನ್ನು ಯಾರೂ ತೆಗೆಯದ ಹಾಗೆ ವಿಂಡೋಸ್ ತನ್ನ ಸೆಟ್ಟಿಂಗ್ಸ್ ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಬರೆದಿಟ್ಟ ಪಾಲಿಸಿ, ನಮ್ಮ 'ಸಂಸ್ಥೆ' ಇದೇ. ಕಂಪ್ಯೂಟರ್ ಶುರುವಾದಾಗಲೆಲ್ಲ ಏಳುವ ಒಂದು ಶೆಡ್ಯೂಲ್ಡ್ ಟಾಸ್ಕ್.

ಪಟ್ಟಿಯ ಕೊನೆಯಲ್ಲಿ ಇದ್ದದ್ದು ನಮ್ಮ ಸಂಘದ್ದೇ ಚಿಕ್ಕ ಪ್ರೋಗ್ರಾಂ! ಲಕೋಟೆಯ ಮೇಲೆ ವಿಳಾಸ ಅಚ್ಚು ಹಾಕಲು ಸದಸ್ಯರೊಬ್ಬರು ಎಷ್ಟೋ ವರ್ಷದ ಹಿಂದೆ ಬರೆದುಕೊಟ್ಟದ್ದು. ಅದಕ್ಕೆ ಯಾರ ಡಿಜಿಟಲ್ ಸಹಿಯೂ ಇಲ್ಲ, ನಮ್ಮ ಸಂಘ ಬಿಟ್ಟು ಇನ್ನೆಲ್ಲೂ ಇಲ್ಲ, ಹಾಗಾಗಿ ಯಂತ್ರಕ್ಕೆ ಅನುಮಾನ. ವೈರಸ್‌ಟೋಟಲ್‌ಗೆ ಹಾಕಿದೆ. ಗೂಗಲ್ 2012ರಲ್ಲಿ ಕೊಂಡ ಈ ಸೇವೆ ಒಂದು ಫೈಲನ್ನು ಸುಮಾರು 70 ಆಂಟಿವೈರಸ್‌ಗಳಿಗೆ ಒಟ್ಟಿಗೆ ತೋರಿಸುತ್ತದೆ. ಎರಡು ಮಾತ್ರ ತಕರಾರು ತೆಗೆದವು. ಬರೆದವರನ್ನು ನಾನು ಬಲ್ಲೆ, ಉಳಿಸಿಕೊಂಡೆ. ಅಲ್ಲಿ ಹಾಕಿದ ಫೈಲುಗಳನ್ನು ಬೇರೆ ಭದ್ರತಾ ಕಂಪನಿಗಳೂ ನೋಡುತ್ತವೆ. ಅದಕ್ಕೇ ಪ್ರೋಗ್ರಾಂ ಮಾತ್ರ ಹಾಕಿದೆ, ಸದಸ್ಯರ ವಿಳಾಸದ ಪಟ್ಟಿ ಹಾಕಲಿಲ್ಲ.

ಉಳಿದ 36 ಕ್ವಾರಂಟೈನ್‌ಗೆ. ಅಳಿಸುವುದಕ್ಕಿಂತ ಇದೇ ವಾಸಿ, ತಪ್ಪಾದರೆ ವಾಪಸ್ ತರಬಹುದು. ರೀಸ್ಟಾರ್ಟ್ ಮಾಡಿದೆ. ಕ್ರೋಮ್ ತೆರೆದರೆ ಗೂಗಲ್. ಸಂಸ್ಥೆಯ ಸಾಲು ಮಾಯ. ಹೆಂಡತಿಗೆ ದೊಡ್ಡದಾಗಿ ಹೇಳಿಕೊಂಡೆ.

ಹತ್ತು ನಿಮಿಷದಲ್ಲಿ ಎಕ್ಸ್‌ಟೆನ್ಶನ್ ಮತ್ತೆ ಬಂತು. ಮತ್ತೆ ಸ್ಕ್ಯಾನ್, ಮತ್ತೆ ಕ್ವಾರಂಟೈನ್, ಮತ್ತೆ ಅದೇ. ಸಂಜೆಯವರೆಗೆ ಮೂರು ಸಲ. ರಿಪೇರಿಯವನ ಮಾತೇ ಸರಿಯೇನೋ ಅನಿಸತೊಡಗಿತು.

ಸುಳಿವು ಕೊಟ್ಟದ್ದು ಮಗಳು. "ಅಪ್ಪ, ನನ್ನ ಲ್ಯಾಪ್‌ಟಾಪಲ್ಲೂ ಅದೇ ಇದೆಯಲ್ಲಾ?" ಅವಳು ಯಾವುದೋ ಬಿಲ್ ಕಟ್ಟಲು ನನ್ನ ಗೂಗಲ್ ಖಾತೆಯಿಂದ ಕ್ರೋಮ್‌ಗೆ ಲಾಗಿನ್ ಆಗಿದ್ದಳು. ಆಗ ತಲೆಗೆ ಹೊಳೆಯಿತು. ಅದು ನನ್ನ ಯಂತ್ರದಿಂದ ಏಳುತ್ತಿರಲಿಲ್ಲ, ಒಂದೇ ಖಾತೆಯ ಕ್ರೋಮ್‌ಗಳನ್ನೆಲ್ಲ ಒಂದೇ ಥರ ಇಡುವ 'ಸಿಂಕ್' ಏರ್ಪಾಡಿನಿಂದ ಇಳಿಯುತ್ತಿತ್ತು. ನಾನು ನೆಲ ಒರೆಸುತ್ತಿದ್ದೆ, ಮೇಲಿನ ಮನೆಯ ಪೈಪು ಸೋರುತ್ತಿತ್ತು. ಸ್ಕ್ಯಾನರ್ ಎಷ್ಟೇ ಒಳ್ಳೆಯದಾದರೂ ನೋಡುವುದು ಈ ಡಿಸ್ಕನ್ನು ಮಾತ್ರ, ಗೂಗಲ್‌ನಲ್ಲಿ ಕೂತ ನನ್ನ ಖಾತೆಯನ್ನಲ್ಲ.

ಭಾನುವಾರ ಹೀಗೆ ಮಾಡಿದೆ. ಮೊದಲು ಬುಕ್‌ಮಾರ್ಕ್ ಎಲ್ಲ ಒಂದು ಫೈಲಿಗೆ ಇಳಿಸಿಕೊಂಡೆ. ಎರಡೂ ಕಡೆ ಸಿಂಕ್ ನಿಲ್ಲಿಸಿದೆ. ಗೂಗಲ್ ಖಾತೆಯ ಕ್ರೋಮ್ ಡೇಟಾ ಪುಟಕ್ಕೆ ಹೋಗಿ ಅಲ್ಲಿ ಕೂಡಿಟ್ಟದ್ದನ್ನೆಲ್ಲ ಅಳಿಸಿದೆ. ಎರಡೂ ಯಂತ್ರದಲ್ಲಿ ಸ್ಕ್ಯಾನ್ ಓಡಿಸಿದೆ. ಎರಡೂ ಕಡೆ ಸೊನ್ನೆ ಬಂದ ಮೇಲೆ ಸಿಂಕ್ ಹಾಕಿದೆ, ಬುಕ್‌ಮಾರ್ಕ್‌ಗೆ ಮಾತ್ರ. ಎಕ್ಸ್‌ಟೆನ್ಶನ್ ಮತ್ತೆ ಬರಲಿಲ್ಲ.

ಇಷ್ಟೆಲ್ಲ ಆದರೂ ಆ '5 ವೈರಸ್' ಡಬ್ಬಿ ಮಾತ್ರ ಏಳುತ್ತಲೇ ಇತ್ತು. ಪುಣೆಯ ಅಳಿಯ ನಕ್ಕ. "ಅದು ಮಾಲ್‌ವೇರೇ ಅಲ್ಲ ಮಾವ. ಎಲ್ಲೋ 'ಅಲೋ', ಅಂದ್ರೆ ಅನುಮತಿ ಇದೆ ಅಂತ ಒತ್ತಿದ್ದೀರಿ." ಹೌದು, 'ರೋಬೋಟ್ ಅಲ್ಲದಿದ್ದರೆ ಅಲೋ ಒತ್ತಿ' ಅಂತ ಆ ಪುಟದಲ್ಲಿ ಇತ್ತು. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ತೆರೆದೆ, ಗುರುತಿಲ್ಲದ ನಾಲ್ಕು ಸೈಟ್ ತೆಗೆದೆ, ಡಬ್ಬಿ ನಿಂತಿತು. ಮೂರು ದಿನ ನಮ್ಮನ್ನು ಎಲ್ಲಕ್ಕಿಂತ ಜಾಸ್ತಿ ಹೆದರಿಸಿದ್ದು ಅರ್ಧ ನಿಮಿಷದ ಕೆಲಸ.

ಕೊನೆಗೆ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್. ಇದು ವಿಂಡೋಸ್ ಪೂರ್ತಿ ಏಳುವ ಮೊದಲೇ ನೋಡುತ್ತದೆ, ಅವಿತು ಕೂತವರಿಗೆ ಎದ್ದು ಓಡಲು ಸಮಯ ಸಿಗುವುದಿಲ್ಲ. ಸುಮಾರು 15 ನಿಮಿಷ. ಒತ್ತಿದ ಕೂಡಲೇ ರೀಸ್ಟಾರ್ಟ್ ಆಗುವುದರಿಂದ ತೆರೆದ ಫೈಲು ಮೊದಲೇ ಸೇವ್ ಮಾಡಬೇಕು. ಏನೂ ಸಿಗಲಿಲ್ಲ. ಆದರೂ ಬ್ಯಾಂಕು, ಇಮೇಲ್ ಪಾಸ್‌ವರ್ಡ್‌ಗಳನ್ನು ಫೋನಿನಿಂದ ಬದಲಿಸಿ, ಎಲ್ಲ ಕಡೆಯಿಂದ ಲಾಗೌಟ್ ಆದೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ಬೇಡದ ಪ್ರೋಗ್ರಾಂ ತಡೆಯುವ ಸ್ವಿಚ್ ಒಂದಿದೆ. ನಮ್ಮಲ್ಲಿ ಅದು ಆಫ್ ಇತ್ತು, ಹಾಕಿದೆ. ವಾಚ್‌ಮನ್ ಆ ನೆಂಟರನ್ನು ಯಾಕೆ ಒಳಗೆ ಬಿಟ್ಟ ಅಂತ ಆಗ ಗೊತ್ತಾಯಿತು.

ಇನ್ನು ಆ ಲೇಖನ. ಪ್ರಿಂಟ್ ತೆಗೆದು ಕಳಿಸಿ ಅಂತ ಹಿರಿಯರನ್ನೇ ಕೇಳಿದೆ. ನಾಲ್ಕೇ ಪುಟ. ವಿಂಡೋಸ್‌ನಲ್ಲೇ ಇರುವ ಕನ್ನಡ ಫೊನೆಟಿಕ್ ಕೀಬೋರ್ಡ್ ಹಾಕಿಕೊಂಡು ಮಗಳು ಒಂದೇ ಸಂಜೆ ಕೂತು ಟೈಪ್ ಮಾಡಿ ಮುಗಿಸಿದಳು.