ಸೆಖೆ ಮತ್ತು ತೇವದ ಹವೆಗೆ ಗಿಡಮರ: ಮೊದಲು ನೀರಿನ ದಾರಿ ನೋಡಿ

ಸೆಖೆ, ತೇವ ಎರಡೂ ಹೆಚ್ಚಿರುವ ಕಡೆ ಎಳೆಗಿಡಗಳಿಗೆ ದೊಡ್ಡ ಶತ್ರು ಬೇರಿನ ಬಳಿ ನಿಲ್ಲುವ ನೀರು. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದರೆ ಬೇರಿಗೆ ಗಾಳಿ ಸಿಗುವುದಿಲ್ಲ. ಬೆಚ್ಚಗಿನ ಮಣ್ಣಿನಲ್ಲಿ ಬೇರಿನ ಉಸಿರಾಟ ಜೋರಾಗಿರುವುದರಿಂದ ಈ ಕೊರತೆ ಬೇಗ ತಟ್ಟುತ್ತದೆ, ಹಿಂದೆಯೇ ಶಿಲೀಂಧ್ರ ಬರುತ್ತದೆ.

ಹಾಗಾಗಿ ಗಿಡ ತರುವ ಮೊದಲು ಜಾಗ ಪರೀಕ್ಷಿಸಿ. ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಪೂರ್ತಿ ಇಂಗಿದ ಮೇಲೆ ಮತ್ತೆ ತುಂಬಿ, ಕೋಲು ನೆಟ್ಟು ಮಟ್ಟ ಗುರುತು ಹಾಕಿ. ಗಂಟೆಗೆ ಒಂದು ಇಂಚೂ ಇಳಿಯದಿದ್ದರೆ ಅದು ನೀರು ಕಟ್ಟುವ ಜಾಗ.

ಅಂಥ ಜಾಗಕ್ಕೆ ಹೊಂಗೆ, ನೇರಳೆ, ಹೊಳೆದಾಸವಾಳ ಹೊಂದುತ್ತವೆ; ಮೂರೂ ಹೊಳೆದಂಡೆಯಲ್ಲಿ ತಾವಾಗಿ ಬೆಳೆಯುವ ಮರಗಳು. ಕಡಲ ಉಪ್ಪುಗಾಳಿ ಬಡಿಯುವಲ್ಲಿ ಸುರಹೊನ್ನೆಗೆ ಸಮನಾದದ್ದು ಕಡಿಮೆ. ನೆರಳೂ ತಂಪೂ ಇರುವ ಮೂಲೆಗೆ ಸೀತಾ ಅಶೋಕ ಹಾಕಿ. ಸಂಪಿಗೆ ಮತ್ತು ದೇವಕಣಗಿಲೆಯನ್ನು ಮಾತ್ರ ನೀರು ಬೇಗ ಬಸಿಯುವ ಎತ್ತರದ ಜಾಗಕ್ಕೇ ಮೀಸಲಿಡಿ. ಕೆಲವು ದಿನ ನೀರು ನಿಂತರೂ ಅವುಗಳ ಬೇರು ಕೊಳೆಯುತ್ತದೆ. ಗುಲ್‌ಮೊಹರ್ ಎಷ್ಟು ಚೆಂದವಿದ್ದರೂ ಮನೆ ಪಕ್ಕಕ್ಕೆ ಬೇಡ: ಬೇರು ಮೇಲ್ಮಟ್ಟದಲ್ಲೇ ಹರಡುತ್ತದೆ, ಕೊಂಬೆ ಗಾಳಿಗೆ ಸುಲಭವಾಗಿ ಮುರಿಯುತ್ತದೆ. ಯಾವ ದೊಡ್ಡ ಮರವಾದರೂ ಗೋಡೆಯಿಂದ 20 ಅಡಿಯಾದರೂ ದೂರವಿರಲಿ.

ನೆಡುವಾಗ ಬಹಳ ಜನ ಆಳವಾಗಿ ಗುಂಡಿ ತೋಡಿ, ತಳಕ್ಕೆ ಜಲ್ಲಿ ಹಾಕಿ, ಮೇಲೆ ಬರೀ ಗೊಬ್ಬರ ತುಂಬುತ್ತಾರೆ. ಜಿಗುಟು ಮಣ್ಣಿನಲ್ಲಿ ಇಂಥ ಗುಂಡಿ ಬಕೆಟ್ಟಿನಂತೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಜಲ್ಲಿಯಿಂದ ಬಸಿಯುವಿಕೆ ಹೆಚ್ಚುವುದಿಲ್ಲ. ಗುಂಡಿಯ ಆಳ ಬೇರುಂಡೆಯಷ್ಟೇ (ಬೇರು ಮತ್ತು ಅದಕ್ಕಂಟಿದ ಮಣ್ಣಿನ ಮುದ್ದೆಯಷ್ಟೇ) ಸಾಕು, ಅಗಲ ಅದರ ಎರಡು ಮೂರು ಪಟ್ಟು ಇರಲಿ. ತೆಗೆದ ಮಣ್ಣನ್ನೇ ತುಂಬಿ, ಕಾಂಪೋಸ್ಟನ್ನು ಮೇಲೆ ಹರಡಿ. ನೀರು ಕಟ್ಟುವಲ್ಲಿ ಗುಂಡಿಯ ಬದಲು ಒಂದು ಅಡಿ ಎತ್ತರ, ನಾಲ್ಕೈದು ಅಡಿ ಅಗಲದ ದಿಬ್ಬ ಮಾಡಿ ಅದರ ಮೇಲೆ ನೆಡಿ.

ಪ್ಲಾಸ್ಟಿಕ್ ಚೀಲ ಕತ್ತರಿಸಿ ತೆಗೆದಾಗ ಬೇರು ಸುತ್ತು ಹಾಕಿಕೊಂಡಿದ್ದರೆ ಉಂಡೆಯ ಬದಿಯಲ್ಲಿ ಮೂರು ನಾಲ್ಕು ಕಡೆ ಮೇಲಿಂದ ಕೆಳಕ್ಕೆ ಅರ್ಧ ಇಂಚು ಆಳಕ್ಕೆ ಗೀರಿ. ಹಾಗೇ ಬಿಟ್ಟರೆ ಅದೇ ಬೇರು ದಪ್ಪವಾಗಿ ಮುಂದೆ ಬುಡವನ್ನು ಬಿಗಿಯುತ್ತದೆ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಭಾಗ ಮಣ್ಣಿನ ಮೇಲೆ ಕಾಣಬೇಕು. ಮೂರು ಇಂಚು ದಪ್ಪ ತರಗೆಲೆ ಮುಚ್ಚಿ, ಆದರೆ ಕಾಂಡದಿಂದ ಆರು ಇಂಚು ಬಿಡಿ. ಒದ್ದೆ ಎಲೆ ತೊಗಟೆಗೆ ತಾಗಿದರೆ ಬುಡಕೊಳೆ ಶುರುವಾಗುತ್ತದೆ.

ಪೊದೆಗಿಡಗಳಲ್ಲಿ ದಾಸವಾಳ, ಕೇಪಳ, ನಂದಿಬಟ್ಟಲು ಈ ಹವೆಗೆ ಹೇಳಿ ಮಾಡಿಸಿದವು. ನಂದಿಬಟ್ಟಲು ಅರೆನೆರಳಲ್ಲೂ ಹೂ ಬಿಡುತ್ತದೆ. ಕೇಪಳಕ್ಕೆ ಹುಳಿ ಮಣ್ಣು ಬೇಕು. ಸಿಮೆಂಟ್ ಗೋಡೆಯ ಬುಡದಲ್ಲಿ ನೆಟ್ಟರೆ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯಬಹುದು. ಅದು ಕಬ್ಬಿಣಾಂಶದ ಕೊರತೆ: ಗೋಡೆಯ ಸುಣ್ಣದಂಶದಿಂದ ಮಣ್ಣಿನಲ್ಲಿರುವ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ. ಗಿಡವನ್ನು ಎರಡು ಮೂರು ಅಡಿ ಆಚೆ ನೆಡುವುದೇ ಸರಿಯಾದ ಮದ್ದು. ದಾಸವಾಳ ಹೊಸ ಚಿಗುರಲ್ಲಿ ಹೂ ಬಿಡುವುದರಿಂದ ಮಳೆ ನಿಂತ ಮೇಲೆ ಮೂರನೇ ಒಂದು ಪಾಲು ಸವರಿ, ಒಳಗೆ ಒತ್ತಾದ ಕೊಂಬೆ ತೆಗೆಯಿರಿ. ಗಾಳಿಯಾಡಿದರೆ ಎಲೆ ಬೇಗ ಒಣಗುತ್ತದೆ, ಎಲೆಚುಕ್ಕೆ ರೋಗ ಕಡಿಮೆ. ಬೋಗನ್‌ವಿಲ್ಲಾಕ್ಕೆ ಸದಾ ನೀರು ಹಾಕಿದರೆ ಬರೀ ಎಲೆ.

ಮರದ ಬುಡದಲ್ಲಿ ತೊಗಟೆ ಕಪ್ಪಾಗಿ ಅಂಟು ಸೋರಿದರೆ ಕೊಳೆತ ಭಾಗವನ್ನು ಆರೋಗ್ಯದ ತೊಗಟೆ ಕಾಣುವವರೆಗೆ ಕೆತ್ತಿ ಬೋರ್ಡೋ ಮುಲಾಮು (ತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಹಚ್ಚಿ. 100 ಗ್ರಾಂ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಹೊಸ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆಬೇರೆ ಕರಗಿಸಿ, ತಣಿದ ಮೇಲೆ ತುತ್ತದ ನೀರನ್ನು ಸುಣ್ಣಕ್ಕೆ ನಿಧಾನವಾಗಿ ಸುರಿಯುತ್ತಾ ಕಲಕಿ. ಪಾತ್ರೆ ಪ್ಲಾಸ್ಟಿಕ್ಕಿನದೇ ಇರಲಿ, ಕೈಗವಸು ಹಾಕಿಕೊಳ್ಳಿ. ಉಜ್ಜಿ ಹೊಳೆಯಿಸಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ. ಕಲಸಿದ ದಿನವೇ ಬಳಸಿ.